ರಾಯರ ಮೂಗು

ಭುಜಂಗರಾಯರು ಕಣ್ಣು ಮುಚ್ಚಿ ಗ್ಲಾಸಿನೊಳಕ್ಕೆ ಮೂಗು ಇಳಿಸಿದರೆಂದರೆ ನಾವು ಯಾರೂ ಉಸಿರೆತ್ತುತ್ತಿರಲಿಲ್ಲ. ಚಹಾ ಕಂಪನಿಯೊಂದರಲ್ಲಿ ರುಚಿ ನೋಡುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೆ ಆ ಮೂಗನ್ನು ವಿಸ್ಕಿಗೆ ಮುಡಿಪಾಗಿಟ್ಟರು. ಭಾನುವಾರ ಮಧ್ಯಾಹ್ನ ನಾವು ನಾಲ್ಕೈದು ಜನ ಗೆಳೆಯರು ಅವರ ಮನೆಯಲ್ಲಿ ಸೇರುತ್ತಿದ್ದೆವು. ಅವರು ಹೇಳಿದ ಪರಿಮಳವನ್ನೇ ನಾವೂ ಹುಡುಕುತ್ತಿದ್ದೆವು, ಸಿಗದಿದ್ದರೂ ತಲೆಯಾಡಿಸುತ್ತಿದ್ದೆವು.

ಒಂದು ಚಳಿಗಾಲ ರಾಯರು ಜ್ವರ ಹಿಡಿದು ಮಲಗಿದರು. ಎದ್ದ ಮೇಲೆ ಹೆಂಡತಿ ಅಂಬುಜಮ್ಮನವರ ಅಡುಗೆ ಅವರಿಗೆ ಸೇರದಾಯಿತು.

"ಸಾರಿಗೆ ಇಂಗು ಹಾಕೋದನ್ನೂ ಮರ್ತೆಯಾ? ಬಿಸಿನೀರು ಕುಡಿದ ಹಾಗಿದೆ," ಎಂದು ನಮ್ಮೆದುರೇ ತಟ್ಟೆ ತಳ್ಳಿದರು. ಅಂದು ನಾನೂ ಅದೇ ಸಾರು ಉಂಡಿದ್ದೆ. ಒಗ್ಗರಣೆಯ ಘಮ ಬೀದಿ ಬಾಗಿಲಿಗೇ ಬಂದಿತ್ತು. ಆದರೂ ರಾಯರ ಮಾತಿಗೆ ತಲೆಯಾಡಿಸಿದೆ.

ಮತ್ತೊಂದು ಭಾನುವಾರ ಅಂಬುಜಮ್ಮ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದರು. "ಸಾರಿನ ಪಾತ್ರೆ ಬಿತ್ತು," ಎಂದರು. ಹೇಗೆ ಬಿತ್ತೆಂದು ಯಾರೂ ಕೇಳಲಿಲ್ಲ.

ಆ ಪಾದದ ಗಾಯ ಮಾಯುವ ಹೊತ್ತಿಗೆ ನಮ್ಮಲ್ಲೊಬ್ಬರಾದ, ಊರ ಕ್ಲಬ್ಬಿನ ಸೆಕ್ರೆಟರಿ ಮುದ್ದಯ್ಯ ಒಂದು ಬಾಟಲಿ ಬರ್ಬನ್ ವಿಸ್ಕಿ ತಂದರು. "ಅಮೆರಿಕದ್ದು ರಾಯರೇ, ಆದ್ರೆ ಅಗ್ಗದ್ದು. ಬೈಬೇಡಿ," ಎಂದರು.

"ಬೆಲೆ ನೋಡಿ ಮೂಗು ಮುರಿಯೋನು ರುಚಿ ಬಲ್ಲವನಲ್ಲ ಕಣ್ರೀ," ಎಂದು ರಾಯರು ನಕ್ಕರು. ಜೋಳದಿಂದ ಬಟ್ಟಿ ಇಳಿಸಿ, ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ಅದನ್ನು ಮಾಗಿಸುವ ಬಗೆಯನ್ನು ಸೊಗಸಾಗಿ ವಿವರಿಸಿದರು. ಅಂಬುಜಮ್ಮ ಬಾಟಲಿಯನ್ನು ಒಳಗೆ ಒಯ್ದು, ಗ್ಲಾಸುಗಳಿಗೆ ಸುರಿದು ತಂದು, ಒಬ್ಬೊಬ್ಬರಿಗೂ ತಾವೇ ಕೊಟ್ಟರು.

ನನ್ನ ಗ್ಲಾಸಿನಿಂದ ಸಿಹಿಯಾದ ಪರಿಮಳ ಬರುತ್ತಿತ್ತು. ಅದರ ಮೇಲೆ ಇನ್ನೊಂದು ವಾಸನೆ ಧುಮುಕಿತು. ಇಂಗು. ಕದಡಿದ ಗಟ್ಟಿ ಇಂಗು. ಅದು ರಾಯರ ಗ್ಲಾಸಿನಿಂದ ಬರುತ್ತಿತ್ತು.

ರಾಯರು ಕಣ್ಣು ಮುಚ್ಚಿ ಗ್ಲಾಸಿಗೆ ಮೂಗು ಇಳಿಸಿದರು. ದೀರ್ಘವಾಗಿ ಎಳೆದುಕೊಂಡರು.

"ಆಹಾ! ವೆನಿಲಾ. ಹಿಂದೆಯೇ ಕಿತ್ತಳೆ ಸಿಪ್ಪೆ."

ನಾವು ಮುಖ ಮುಖ ನೋಡಿಕೊಂಡೆವು. ಮುದ್ದಯ್ಯನವರ ಕಣ್ಣಲ್ಲಿ ತುಂಟತನ ಮಿಂಚಿತು. "ಇನ್ನೇನು ಬರ್ತಿದೆ ರಾಯರೇ?"

"ಏನೋ ಹೂವು... ಬಹಳ ನವಿರು. ನಿಮಗೆ ಸಿಗಲಿಕ್ಕಿಲ್ಲ."

ಯಾರೋ ಕಿಸಕ್ಕೆಂದರು. ನನಗೂ ತಡೆಯಲಾಗಲಿಲ್ಲ. ರಾಯರು ಕಣ್ಣು ತೆರೆದಾಗ ಕೋಣೆಯೆಲ್ಲ ನಗುತ್ತಿತ್ತು.

"ಅದರಲ್ಲಿ ಇಂಗಿದೆ," ಎಂದರು ಅಂಬುಜಮ್ಮ. ಅವರೊಬ್ಬರೇ ನಗುತ್ತಿರಲಿಲ್ಲ. "ಜ್ವರ ಬಿಟ್ಟ ವಾರದಲ್ಲೇ ಹಾಲು ಸೀದು ಮನೆಯೆಲ್ಲ ಹೊಗೆ ವಾಸನೆ. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ಅವತ್ತೇ ನಂಗೆ ಗೊತ್ತಾಯ್ತು. ನೀವಾಗೇ ಹೇಳ್ತೀರಿ ಅಂತ ಕಾದೆ. ನೀವು ನನ್ನ ಕಾಲು ಸುಟ್ರಿ."

ನಗು ನಿಂತಿತು. ರಾಯರ ಕೈಯ ಗ್ಲಾಸು ವಾಲಿ, ಬಿಳಿ ಅಂಗಿಯ ಮೇಲೆ ಚೆಲ್ಲಿತು. ಅವರು ಕೇಳಿದರು, ಹಿಂದೆಂದೂ ನಾವು ಕೇಳಿರದ ಸಣ್ಣ ದನಿಯಲ್ಲಿ:

"ಇದು ನಿಜವಾಗ್ಲೂ ಹೇಗಿದೆ, ಅಂಬುಜಾ?"

ಅಂಬುಜಮ್ಮ ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಬಾಟಲಿಯನ್ನು ತಂದು ಅದರ ಬಾಯಿಗೆ ಮೂಗು ಹಿಡಿದರು. ನಿಧಾನವಾಗಿ ಹೇಳಿದರು:

"ಬೆಲ್ಲದ ಪಾಕ ತಳ ಹಿಡಿಯೋ ಮುಂಚೆ ಬರುತ್ತಲ್ಲ, ಅಂಥದ್ದು. ಆಮೇಲೆ ಹೊಸ ಕಪಾಟಿನ ಬಾಗಿಲು ತೆಗೆದ ಹಾಗೆ, ಮರದ್ದು. ಚೆನ್ನಾಗಿದೆ."

"ಇನ್ನೊಂದು ಸಲ ಹೇಳು."

ಅವರು ಹೇಳಲಿಲ್ಲ. ಊಟದ ಮನೆಯ ಕೈತೊಳೆಯುವ ಬೇಸಿನ್ನಿನ ಬಳಿ ಹೋಗಿ ಬಾಟಲಿಯನ್ನು ಬೋರಲು ಹಿಡಿದರು. ಬರ್ಬನ್ ಗುಳುಗುಳು ಸದ್ದು ಮಾಡುತ್ತ ಇಳಿಯಿತು. ಅದರ ಪರಿಮಳ ಮನೆಯೆಲ್ಲ ತುಂಬಿಕೊಂಡಿತು. ರಾಯರು ಎದ್ದು ನಿಂತು, ಅದು ನಮ್ಮನ್ನು ತಲುಪುವುದನ್ನು ನಮ್ಮ ಮುಖಗಳಲ್ಲಿ ಒಂದೊಂದಾಗಿ ನೋಡುತ್ತಿದ್ದರು.