ಸೋಲಾರಿಗೆ ಕಟ್ಟಿದ ಸೋಗೆ

ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರ ಕೇರಿಯದು. ನೆತ್ತಿಯ ಮೇಲೆ ದೊಡ್ಡ ತಂತಿ ಹಾದರೂ ಮನೆಗಳಿಗೆ ಕರೆಂಟಿರಲಿಲ್ಲ. ಬೇಸಿಗೆಯಲ್ಲಿ ಸಾಹೇಬರು ಬಂದು ಮನೆ ಮಾಡಿನ ಮೇಲೆ ಸೋಲಾರ್ ಕೂರಿಸಿ ಹೋದರು. ಜಟ್ಟಿಂಗಪ್ಪನ ಉಬ್ಬಸದ ಮಿಷನ್ನು ಅದರಿಂದಲೇ ನಡೆಯುತ್ತಿತ್ತು. ಮಳೆಗೆ ಮುಂಚೆ ಹೆಂಡತಿ ಮೂಕಮ್ಮ ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುವಾಗ ಸೋಲಾರಿಗೂ ಕಟ್ಟಿದಳು. ವಾರದೊಳಗೆ ಮಿಷನ್ನು ನಿಂತಿತು. ಹಿಂದೆಯೇ ಅವನ ಉಸಿರೂ ನಿಂತಿತು.

ತಿಥಿ ಕಳೆದ ಮೇಲೆ ರಿಪೇರಿಯವನು ಬಂದು ಮಾಡು ಹತ್ತಿದ.

“ಸೋಗೆ ಹೊದಿಸಿದ್ದು ಯಾರಮ್ಮ? ಬೆಳಕು ಬೀಳ್ದೆ ಚಾರ್ಜ್ ಹ್ಯಾಂಗೆ ಆಗ್ತದೆ?”

“ನೆನೆದ್ರೆ ಹಾಳಾಗ್ತದೆ ಅಂತ ನಾನೇ ಕಟ್ಟಿದ್ದು.”

“ನೆನೆದ್ರೆ ಏನೂ ಆಗಲ್ಲ. ಯಾರೂ ಹೇಳ್ಲಿಲ್ವಾ?”

“ಸಾಹೇಬ್ರು ಫೋಟೋಕ್ಕೆ ನಗಿ ಅಂದಿದ್ರು, ಅಷ್ಟೇಯ.”

ಅವನು ಸೋಗೆ ಕಿತ್ತುಹಾಕಿದ. ಮಧ್ಯಾಹ್ನದ ಹೊತ್ತಿಗೆ ಒಳಗೆ ಮಿಷನ್ನು ತಾನಾಗಿ ಗುರುಗುಟ್ಟಿತು. ಅದು ನಿಂತ ದಿನದಿಂದ ಸ್ವಿಚ್ಚು ಯಾರೂ ಆರಿಸಿರಲಿಲ್ಲ. ಮೂಕಮ್ಮ ಓಡಿಹೋಗಿ, ಮಾಸ್ಕು ಕೈಲಿ ಹಿಡಿದು, ಖಾಲಿ ಚಾಪೆಯ ಪಕ್ಕ ಕೂತಳು.