ಕಾರಿಗೊಂದು ಟಾರ್ಚು

ಡ್ರೈವಿಂಗ್ ಟೀಚರ್ ಅಂಗಡಿಯವನ ಕೈಯಿಂದ ಟಾರ್ಚು ತೆಗೆದುಕೊಂಡವಳೇ ನೆಲಕ್ಕೆ ಬಿಟ್ಟಳು. ಗಾಜು ಬಿರಿಯಿತು.

“ಅಯ್ಯಯ್ಯೋ, ಏನಮ್ಮಾ ಇದು!”

“ಕಾರಲ್ಲಿಡೋಕೆ ಬೇಕು ಅಂದೆನಲ್ಲ. ಕಾರಲ್ಲಿ ಇಟ್ಟಿದ್ದು ಬೀಳುತ್ತೆ. ಇದರ ದುಡ್ಡೂ ಕೊಡ್ತೀನಿ, ಗಟ್ಟಿಯಾದ್ದು ತೋರಿಸಿ.”

ಅವಳಿಗೆ ಆತುರವಿತ್ತು. ಹಿಂದಿನ ವಾರ ಸುರಂಗದೊಳಗೆ ಟೈರು ಪಂಕ್ಚರಾಗಿ, ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ಬೆಳಕಲ್ಲಿ ಚಕ್ರ ಬದಲಿಸುವಾಗ ಲಾರಿಯೊಂದು ಬೆನ್ನು ಸವರಿಕೊಂಡು ಹೋಗಿತ್ತು. ಇವತ್ತು ಅದೇ ಸುರಂಗ ದಾಟಿ ತಂಗಿಯನ್ನು ಚಿಕ್ಕಮ್ಮನ ಊರಿಗೆ ಮುಟ್ಟಿಸಬೇಕು. ತಂಗಿ ಕೆಳಗೆ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರು ಲಾಕ್ ಮಾಡಿಕೊಂಡು ಕೂತಿದ್ದಳು. ಅವಳ ಎಡಗೈ ಪ್ಲಾಸ್ಟರಿನಲ್ಲಿತ್ತು. ಮುರಿದವನು ಅವಳ ಗಂಡ.

ಚಾರ್ಜ್ ಮಾಡುವ ಟಾರ್ಚನ್ನು ಟೀಚರ್ ಮುಟ್ಟಲೂ ಇಲ್ಲ. “ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಬಿದ್ದಿದ್ದು, ಬೇಕಾದ ಹೊತ್ತಿಗೆ ಕೈಕೊಡುತ್ತೆ.” ಪ್ಲಾಸ್ಟಿಕ್ಕಿನದು ಹಗುರವಾಯಿತು. ಇನ್ನೊಂದರ ಗುಂಡಿ ಒದ್ದೆ ಬೆರಳಿಗೆ ಜಾರಿತು.

“ನಿಮಗೆ ಗಂಡು ಹುಡುಕಿದವರ ಪಾಡು ಏನಾಯ್ತೋ!” ಎಂದ ಅಂಗಡಿಯವನು.

“ಇನ್ನೂ ಹುಡುಕ್ತಾನೇ ಇದ್ದಾರೆ.”

ಕೊನೆಗೆ ಒಪ್ಪಿದ್ದು ಲೋಹದ ಮೈಯ, ಸೆಲ್ಲು ಹಾಕುವ, ಮೊಳದುದ್ದದ ಟಾರ್ಚು. ಅದನ್ನೂ ನೆಲಕ್ಕೆ ಬಿಟ್ಟಳು. ಉರಿಯುತ್ತಲೇ ಉರುಳಿತು.

ಮೆಟ್ಟಿಲಿಳಿಯುವಾಗ ಕೆಳಗೆ ಗಾಜು ಒಡೆದ ಸದ್ದು, ಹಿಂದೆಯೇ ತಂಗಿಯ ಚೀರಾಟ.

ತಂಗಿಯ ಮೊಬೈಲಿನ ಜಾಡು ಹಿಡಿದು ಗಂಡ ಬಂದಿದ್ದ. ಒಂದು ಕೈಯಲ್ಲಿ ಕಬ್ಬಿಣದ ಸ್ಪ್ಯಾನರು. ಇನ್ನೊಂದರಲ್ಲಿ ಹೆಂಡತಿಯ ಜಡೆ ಸುತ್ತಿಕೊಂಡು, ಒಡೆದ ಕಿಟಕಿಯಿಂದ ಅವಳನ್ನು ಮೂಟೆಯಂತೆ ಎಳೆಯುತ್ತಿದ್ದ. ಅಂಚಿನ ಗಾಜು ಗೀರಿ ಅವಳ ಕತ್ತಿನಿಂದ ರಕ್ತ ಇಳಿಯುತ್ತಿತ್ತು.

“ಬಿಡೋ ಅವಳನ್ನ!”

“ಅತ್ತಿಗೆ, ಇದು ಗಂಡ ಹೆಂಡ್ತಿ ವಿಷಯ. ನೀವು ಮೂಗು ತೂರಿಸಬೇಡಿ.”

ಟೀಚರ್ ಅವನ ಕಣ್ಣಿಗೇ ಬೆಳಕು ಹಾಯಿಸಿದಳು. ಅವನು ಕುರುಡಾಗಿ ಸ್ಪ್ಯಾನರು ಬೀಸಿದ. ತನ್ನ ಭುಜದ ಎಲುಬು ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಇನ್ನೊಂದು ಕೈಯಿಂದ ಟಾರ್ಚನ್ನು ಅವನ ದವಡೆಗೆ ಅಪ್ಪಳಿಸಿದಳು. ಹಲ್ಲು ಉಗುಳುತ್ತಲೇ ಅವನು ಅವಳ ಕುತ್ತಿಗೆ ಹಿಡಿದು ಕಂಬಕ್ಕೆ ಒತ್ತಿದ. ಉಸಿರು ನಿಂತಿತು, ಕಣ್ಣು ಕತ್ತಲಿಟ್ಟಿತು. ಇದ್ದಷ್ಟು ಬಲ ಕೂಡಿಸಿ ಅವನ ಹುಬ್ಬಿನ ಮೇಲೆ ಬಡಿದಳು. ಬುಡ ಕಡಿದ ಮರದಂತೆ ಅವನು ಬಿದ್ದ.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅವಳು ಮಂಡಿಯೂರಿ ಮತ್ತೆ ಹೊಡೆದಳು. “ಬೇಡ ಅತ್ತಿಗೆ” ಎಂದು ಅವನು ಗೊಗ್ಗರು ದನಿಯಲ್ಲಿ ಬೇಡಿದ್ದು ಕೇಳಿಸಿತು. ಕೇಳಿಸಿದ ಮೇಲೂ ಹೊಡೆದಳು. ಎಂದೂ ಅನುಭವಿಸದ ಒಂದು ಸುಖ ಮೈತುಂಬ ಹರಿಯಿತು. ಆಮೇಲೆ ಅವಳನ್ನು ಹೆದರಿಸಿದ್ದು ಅದೇ.

“ಅಕ್ಕಾ, ಸಾಕು! ಸತ್ತುಹೋಗ್ತಾನೆ!” ತಂಗಿ ಬೆನ್ನ ಮೇಲೆ ಬಿದ್ದು ತಬ್ಬಿಕೊಂಡಳು.

ಆಸ್ಪತ್ರೆಗೆ ಬಂದ ಇನ್‌ಸ್ಪೆಕ್ಟರ್ ಹೆಂಗಸು ಮೊದಲು ತಂಗಿಯನ್ನು ಕೇಳಿದರು.

“ಒಂದೇ ಏಟು ಮೇಡಂ. ಬೀಳುವಾಗ ಅವನ ಮುಖ ಕಾರಿಗೆ ಬಡೀತು.”

“ಇಲ್ಲ,” ಎಂದಳು ಪಕ್ಕದ ಮಂಚದಿಂದ ಟೀಚರ್. “ಅವನು ಬಿದ್ದ ಮೇಲೂ ಹೊಡೆದೆ. ಬೇಡ ಅಂದ. ಆದ್ರೂ ಹೊಡೆದೆ.”

ಇನ್‌ಸ್ಪೆಕ್ಟರ್ ಹೋದಮೇಲೆ ತಂಗಿ ಸಿಡಿದಳು. “ನಿನ್ನ ಬಾಯಿಗೆ ಬೀಗ ಇಲ್ವಾ? ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಿನ್ನ ಕೈ ಮುರಿದಾಗ ಅವನು ಡಾಕ್ಟ್ರಿಗೆ ಏನಂದ? ಜಾರಿ ಬಿದ್ಲು ಅಂದ. ಅವನ ಹಾಗೆ ಹೊಡೆದಿದ್ದಾಯ್ತು. ಅವನ ಹಾಗೆ ಮಾತೂ ಆಡ್ಲಾ?”

ತಂಗಿ ಗೋಡೆಯತ್ತ ಮುಖ ತಿರುಗಿಸಿ ಮಲಗಿದಳು.

ಅವನಿಗೆ ಒಂದು ಕಣ್ಣು ಹೋಯಿತು, ಜೈಲೂ ಆಯಿತು. ಟೀಚರಿಗೂ ಶಿಕ್ಷೆಯಾಯಿತು, ಸಣ್ಣದು. ಅವಳ ಬಿಡುಗಡೆಯ ದಿನ ಜೈಲಿನ ಗೇಟಿನ ಹೊರಗೆ ತಂಗಿಯೇ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಗೇರು ಹಾಕುವಾಗ ಕಿರ್ರೆಂದಿತು.

“ಕ್ಲಚ್ಚು ಪೂರ್ತಿ ಒತ್ತೇ,” ಎಂದಳು ಅಕ್ಕ.

“ಸುಮ್ನೆ ಕೂತ್ಕೋ,” ಎಂದಳು ತಂಗಿ. ಕಾರು ಮುಗ್ಗರಿಸಿ ಮುಂದಕ್ಕೆ ಹೋಯಿತು.