ಇಪ್ಪತ್ತಾರು ವರ್ಷಕ್ಕೆ ಬೇಕಾದ ಬೆಳಕು

ಗುರುವಾರ ಬಂದು ಸೇರಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ ಮೇಲೆ ಲಕ್ಷ್ಮಿದೇವಿಗೆ ಒಂದು ಆಸೆ ಹುಟ್ಟಿಕೊಂಡಿತು. ಯಾರ ಹತ್ತಿರ ಹೇಳಬೇಕೆಂದು ತಿಳಿಯದೆ ಎರಡು ದಿನ ಒಳಗೇ ಇಟ್ಟುಕೊಂಡಿದ್ದಳು. ಗಂಟಾದ ಎಡಗಡೆಯ ಮೊಲೆಯನ್ನು ಪೂರ್ತಿ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದಿದ್ದರು. ಅದಕ್ಕವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ತೆಗೆಯುವ ಮೊದಲು ತಾನು ಇದ್ದ ಹಾಗೆಯೇ ಒಂದು ಫೋಟೊ ಬೇಕು. ಐವತ್ತೊಂದು ವರ್ಷದಲ್ಲಿ ತನ್ನ ಮೈಯನ್ನು ಅವಳು ಒಂದು ದಿನವೂ ನೆಟ್ಟಗೆ ನೋಡಿಕೊಂಡವಳಲ್ಲ. ಬಚ್ಚಲಲ್ಲಿ ಕನ್ನಡಿಯಿಲ್ಲ, ಲಂಗವನ್ನು ಎದೆಗೆ ಕಟ್ಟಿಕೊಂಡೇ ನೀರು ಹುಯ್ದುಕೊಳ್ಳುವ ಅಭ್ಯಾಸ. ಇಷ್ಟು ವರ್ಷ ಜೊತೆಗಿದ್ದುದನ್ನು ಒಂದು ಸಲವೂ ನೋಡದೆ ಕಳಿಸಿಕೊಡುವುದು ಹೇಗೆ?

ಫೋನಿನಲ್ಲಿ ತೆಗೆಯುವ ಮಾತೇ ಇರಲಿಲ್ಲ. ಭೀಮನಬೀಡಿನ ಆ ಮನೆಯಲ್ಲಿ ಎಷ್ಟು ಫೋನುಗಳಿದ್ದರೂ ತೆಗೆದ ಫೋಟೊಗಳೆಲ್ಲ ಮಗ ಶಶಿಕುಮಾರನ ಒಂದೇ ಖಾತೆಗೆ ಹೋಗಿ ಬೀಳುತ್ತಿದ್ದವು. ಅಲ್ಲಿಂದ ಟೀವಿಗೆ. ಹೋದ ದೀಪಾವಳಿಯಲ್ಲಿ ಬೀಗರು ಕೂತು ಕಜ್ಜಾಯ ತಿನ್ನುತ್ತಿರುವಾಗ, ಡಾಕ್ಟರಿಗೆ ತೋರಿಸಲೆಂದು ತೆಗೆದಿದ್ದ ಅತ್ತೆ ದೊಡ್ಡಮಾದಮ್ಮನ ಕಾಲಿನ ಹುಣ್ಣು ಟೀವಿಯ ತುಂಬ ಬಂದು ನಿಂತಿತ್ತು. "ನನ್ ಕಾಲ್ನ ಊರಿಗೆಲ್ಲ ದರ್ಸನ ಮಾಡುಸ್ಬುಟ್ಟ ಕಣಮ್ಮಿ ನಿನ್ ಮಗ" ಎಂದು ಮುದುಕಿ ತಿಂಗಳುಗಟ್ಟಲೆ ಗೊಣಗಿದ್ದಳು.

ಭಾನುವಾರ ಬೆಳಗ್ಗೆ ಗಂಡಸರು ಗುಂಡ್ಲುಪೇಟೆಗೆ ಹೋದ ಮೇಲೆ ಲಕ್ಷ್ಮಿದೇವಿ ಓರಗಿತ್ತಿಯ ಹತ್ತಿರ ಬಾಯಿ ಬಿಟ್ಟಳು. ಅವಳ ಮುಖ ನೋಡದೆ, ಸೊಪ್ಪು ಬಿಡಿಸುತ್ತಲೇ ಹೇಳಿದಳು.

ಓರಗಿತ್ತಿ ಶಿವರಂಜಿನಿ ಮೈದುನನ ಹೆಂಡತಿ. ಅವಳಪ್ಪ ಮರಿಯಯ್ಯ ಚಾಮರಾಜನಗರದಲ್ಲಿ ಸ್ಟುಡಿಯೊ ಇಟ್ಟಿದ್ದವರು. ಮಗಳನ್ನು ಮದುವೆ ಮಾಡಿ ಕಳಿಸುವಾಗ ಪಾತ್ರೆ ಪಗಡಿಯ ಜೊತೆಗೆ ಒಂದು ಕ್ಯಾಮೆರಾ, ತೊಳೆಯುವ ಸಾಮಾನಿನ ಟ್ರಂಕು, ಹನ್ನೆರಡು ರೋಲು ಕಪ್ಪು ಬಿಳುಪು ಫಿಲಂ ಕೊಟ್ಟಿದ್ದರು. ಈ ಮನೆಯ ಹೊಲ, ದನ, ಒಲೆಯ ನಡುವೆ ಕ್ಯಾಮೆರಾ ಹಿಡಿಯಲು ಅವಳಿಗೆ ಪುರುಸೊತ್ತು ಸಿಕ್ಕಿದ್ದು ಕಡಿಮೆ. ಬಿಸಿಲ ಝಳಕ್ಕೆ ಫಿಲಂ ಕೆಡುತ್ತದೆಂದು ಡಬ್ಬಿಗಳನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಿದ್ದಳು. ಒಂದು ವರ್ಷ ಅದರಲ್ಲೊಂದು ರಾಗಿಯ ಜೊತೆ ಬೇಗೂರಿನ ಮಿಲ್ಲಿಗೆ ಹೋಗಿ, ಮಿಲ್ಲಿನವನು "ಇದ್ನೂ ಬೀಸ್ಬೇಕಾ?" ಎಂದು ಕೇಳಿ ವಾಪಸು ಕಳಿಸಿದ್ದ. ಅಂದಿನಿಂದ 'ಫೋಟೊದೋಳು' ಎಂದು ಅವಳನ್ನು ಬಾಯಿ ತುಂಬ ಆಡಿಕೊಂಡವಳು ಲಕ್ಷ್ಮಿದೇವಿಯೇ. ಈಗ ಅವಳ ಮುಂದೆಯೇ ಕೂತು ಕೇಳುವುದು ಸುಲಭವಾಗಿರಲಿಲ್ಲ.

ಶಿವರಂಜಿನಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಇನ್ನೂ ಎರಡು ರೋಲ್ ಅವೆ ಕಣಕ್ಕ" ಎಂದಳು.

"ಅದ್ನ ತೊಳ್ಯಾಕೆ ಮೈಸೂರಿಗೆ ಕೊಟ್ರೆ ಅಲ್ಲಿ ಗಂಡುಸ್ರು ನೋಡಾಕಿಲ್ವಾ?"

"ನಾನೇ ತೊಳೀತೀನಿ. ನೀನೂ ನಾನೂ ಬುಟ್ರೆ ಇನ್ಯಾರೂ ನೋಡಾಕಿಲ್ಲ."

ಅವತ್ತೇ ಉಗ್ರಾಣದ ಬಾಗಿಲು ಹಾಕಿಕೊಂಡು ಕಿಟಕಿಯ ಬೆಳಕಿನಲ್ಲಿ ತೆಗೆದರು. ಹಳೆಯ ಫಿಲಂ ವಯಸ್ಸಾದವರ ಕಣ್ಣಿದ್ದ ಹಾಗೆ, ಹತ್ತು ವರ್ಷಕ್ಕೊಂದು ಸಲ ಬೆಳಕನ್ನು ಇಮ್ಮಡಿ ಮಾಡಬೇಕು ಎಂದು ಅಪ್ಪ ಹೇಳುತ್ತಿದ್ದುದು ಶಿವರಂಜಿನಿಗೆ ನೆನಪಿತ್ತು. ಹಾಗೇ ಇಮ್ಮಡಿ ಮಾಡಿದಳು. ಲಕ್ಷ್ಮಿದೇವಿ ರವಿಕೆ ತೆಗೆದು ಸೆರಗು ಸರಿಸಿದಳಾದರೂ ಕಣ್ಣೆಲ್ಲ ಬಾಗಿಲ ಚಿಲಕದ ಮೇಲೇ ಇತ್ತು. ಮಧ್ಯಾಹ್ನ ಶಿವರಂಜಿನಿ ಬಚ್ಚಲ ಕಿಂಡಿಗೆ ಕಂಬಳಿ ಕಟ್ಟಿ, ಕತ್ತಲು ಮಾಡಿಕೊಂಡು ಫಿಲಮನ್ನು ಡಬ್ಬಿಗೆ ಸುತ್ತಿದಳು. ತೊಳೆಯುವ ಔಷಧಿ ಈಗ ಎಲ್ಲೂ ಸಿಗುವುದಿಲ್ಲ. ಕಾಫಿಪುಡಿ, ವಾಷಿಂಗ್ ಸೋಡ, ವಿಟಮಿನ್ ಮಾತ್ರೆ ಬೆರೆಸಿದರೆ ಆಗುತ್ತದೆಂದು ಯೂಟ್ಯೂಬಿನಲ್ಲಿ ನೋಡಿದ್ದಳು. ಚಿತ್ರ ಅಳಿಯದಂತೆ ಕೊನೆಯಲ್ಲಿ ಅದ್ದುವ ಹೈಪೊ ಹರಳು ಮಾತ್ರ ಅಪ್ಪನ ಟ್ರಂಕಿನಲ್ಲೇ ಇತ್ತು. ಘಾಟು ಮನೆಯೆಲ್ಲ ತುಂಬಿಕೊಂಡಿತು.

"ಯಾರಮ್ಮಿ ಅದು ಕಾಫಿ ಸೀಯ್ಸಿದ್ದು?" ಎಂದು ದೊಡ್ಡಮಾದಮ್ಮ ಜಗಲಿಯಿಂದ ಕೂಗಿದಳು.

ಫಿಲಂ ಹೊರಗೆ ಬಂದಾಗ ಉದ್ದಕ್ಕೂ ಬೂದಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಲಕ್ಷ್ಮಿದೇವಿ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

"ನೋಡ್ಬ್ಯಾಡ ಅಂತ್ಲೇ ಇರ್ಬೇಕು. ಬುಡು ಅತ್ಲಾಗೆ."

"ತಡಿ ಅಕ್ಕ. ಅಂಚಿನಲ್ಲಿ ನಂಬರ್ ಬಂದವೆ ನೋಡು. ಅವು ಫ್ಯಾಕ್ಟ್ರೀಲಿ ಹಾಕಿ ಕಳ್ಸೋವು. ಅವು ಬಂದವೆ ಅಂದ್ಮೇಲೆ ಕಾಫೀದೇನೂ ತಪ್ಪಿಲ್ಲ. ನಾನು ಕೊಟ್ಟ ಬೆಳಕೇ ಸಾಲ್ದು." ಶಿವರಂಜಿನಿ ಬೆರಳು ಮಡಿಸಿದಳು. "ಹತ್ತು ಹನ್ನೊಂದು ವರ್ಷ ಅಂತ ಲೆಕ್ಕ ಹಾಕ್ದೆ..."

"ಯಾವ್ ಹನ್ನೊಂದು ವರ್ಷನಮ್ಮಿ?"

"ಅಪ್ಪ ಓಗಿ ಹನ್ನೊಂದಾಯ್ತಲ್ಲ."

"ನಿಮ್ಮಪ್ಪ ಓಗಿದ್ಕೂ ಫಿಲಂಗೂ ಏನ್ ಸಂಬಂದ? ಅದು ನಿನ್ ಜೊತೇಲೆ ಬಂದದ್ದು. ನಿನ್ನ ಒಸ್ಲು ದಾಟಿಸ್ಕಂಡಾಗ ನಂಗೆ ಏಳು ತಿಂಗ್ಳು, ಆರತಿ ಹಿಡ್ಕಂಡು ಬಗ್ಗಾಕಾಗ್ದೆ ನಿಂತಿದ್ದೆ. ಶಶಿಗೀಗ ಇಪ್ಪತ್ತಾರು ತುಂಬ್ತು."

ಶಿವರಂಜಿನಿ ಮಡಿಸಿದ್ದ ಬೆರಳುಗಳನ್ನು ಬಿಡಿಸಿದಳು. ಅಪ್ಪ ಇರುವ ತನಕ ಅಪ್ಪ ಕೊಟ್ಟದ್ದಕ್ಕೆ ವಯಸ್ಸಾಗುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳೆಂದು ಲಕ್ಷ್ಮಿದೇವಿಗೆ ಆಗ ಹೊಳೆಯಿತು. ಗದರಿಸಿದ್ದಕ್ಕೆ ಮನಸ್ಸು ಮೆತ್ತಗಾಯಿತು.

"ಅಂಗಾರೆ ಈ ಕಿಟ್ಕಿ ಬೆಳಕು ಎಲ್ಲಿಗೂ ಸಾಲ್ದು" ಎಂದಳು ಶಿವರಂಜಿನಿ. "ನೆತ್ತಿ ಮೇಲಿನ ಬಿಸ್ಲೇ ಬೇಕು."

ಹಟ್ಟಿಯ ನಡುವೆ, ಮಾಳಿಗೆಗೆ ಮಾಳಿಗೆ ತಾಗಿದ ಊರಿನಲ್ಲಿ, ನೆತ್ತಿಯ ಬಿಸಿಲಿಗೆ ಒಬ್ಬ ಹೆಂಗಸು ಎಲ್ಲಿ ಸೆರಗು ತೆಗೆದು ಕೂರುವುದು? ಇಬ್ಬರಿಗೂ ಒಟ್ಟಿಗೇ ತೋಚಿದ್ದು ಸೂರ್ಯಕಾಂತಿಯ ಹೊಲ. ಈ ಸಲ ಗಿಡ ಆಳೆತ್ತರ ಬಂದು ಪೂರ್ತಿ ಹೂಬಿಟ್ಟಿತ್ತು. ನಡುವೆ ಹೋಗಿ ಕೂತರೆ ಹಕ್ಕಿ ಬಿಟ್ಟು ಯಾರಿಗೂ ಕಾಣುವುದಿಲ್ಲ.

ಸೋಮವಾರ ಆಷಾಢದ ಮೋಡ ಕದಲಲೇ ಇಲ್ಲ. ಲಕ್ಷ್ಮಿದೇವಿ ದಿನವಿಡೀ ಹಿತ್ತಿಲಿಗೆ ಬಂದು ಬಂದು ಆಕಾಶ ನೋಡಿದಳು. ಮಂಗಳವಾರ ಹತ್ತು ಗಂಟೆಗೆ ಕೇರಳದ ಕಡೆಯ ಗಾಳಿ ಬೀಸಿ ಮೋಡವನ್ನು ಎಳೆದುಕೊಂಡು ಹೋಯಿತು. ಕಳೆ ನೋಡಿ ಬರುತ್ತೇವೆಂದು ಅತ್ತೆಗೆ ಹೇಳಿ ಇಬ್ಬರೂ ಗೋಣಿಚೀಲ ಹಿಡಿದು ಹೊರಟರು. ಹೊಲಕ್ಕೆ ನುಗ್ಗುವಾಗ ತಿರುಗಿ ನೋಡಿದರೆ ದೊಡ್ಡಮಾದಮ್ಮ ಕಾಲೆಳೆದುಕೊಂಡು ಮೇಕೆಯ ಜೊತೆ ಬಂದು ಬದುವಿನ ಮೇಲೆ ಕೂರುತ್ತಿದ್ದಳು.

ಒಳಗೆ ಎಲೆಗಳು ತೋಳನ್ನು ಕೆರೆಯುತ್ತಿದ್ದವು. ಜೇನುನೊಣಗಳ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ನಾಲ್ಕು ಗಿಡ ಬಗ್ಗಿಸಿ ಜಾಗ ಮಾಡಿ, ಚೀಲ ಹಾಸಿ ಕೂತು ಲಕ್ಷ್ಮಿದೇವಿ ರವಿಕೆಯ ಗುಂಡಿ ಬಿಚ್ಚಿದಳು. ಬಿಸಿಲು ಬಿದ್ದ ಕೂಡಲೇ ಮೈ ಒಮ್ಮೆ ಜುಮ್ಮೆಂದಿತು. ಆ ಮೊಲೆಗೆ ಬಿಸಿಲು ತಗುಲಿದ್ದು ಅದೇ ಮೊದಲಿರಬೇಕು. ತಲೆ ಬಗ್ಗಿಸಿ ನೋಡಿಕೊಂಡಳು. ಜೋತುಬಿದ್ದಿತ್ತು, ಒಂದು ಪಕ್ಕ ಗಂಟಿನಿಂದ ಚರ್ಮ ಗುಳಿಬಿದ್ದಿತ್ತು. ಅಸಹ್ಯವಾಗಲಿಲ್ಲ. ದುಡಿದು ದಣಿದ ಮುಖದಂತೆ ಕಂಡಿತು.

ಶಿವರಂಜಿನಿ ಕ್ಯಾಮೆರಾದ ಹಿಂದಿನಿಂದಲೇ ಮಾತಾಡಿದಳು. "ಎಡಗಡೇದೇ ಅಲ್ವಾ ಅಕ್ಕ, ಸ್ಪಂದನಾ ಕುಡೀತಿದ್ದದ್ದು?"

ಸ್ಪಂದನಾ ಶಿವರಂಜಿನಿಯ ಮಗಳು. ಹುಟ್ಟಿದ ಹದಿನೈದೇ ದಿನಕ್ಕೆ ತಾಯಿಗೆ ಟೈಫಾಯ್ಡ್ ಹತ್ತಿ, ಎರಡು ತಿಂಗಳು ಆ ಮಗುವಿಗೂ ಲಕ್ಷ್ಮಿದೇವಿಯೇ ಹಾಲು ಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ಊಂ. ಬಲಗಡೇದ್ನ ಶಶಿ ಬುಟ್ಕೊಡ್ತಿರ್ಲಿಲ್ಲ. ಒದೀತಿದ್ದ ಅವ್ಳ."

"ನಾನ್ ಯಾವತ್ತೂ ನಿಂಗೆ ಏನೂ ಅನ್ಲಿಲ್ಲ ಅಕ್ಕ."

"ಏನನ್ಬೇಕಾಗಿತ್ತು? ತೆಗಿ, ಮೋಡ ಬತ್ತದೆ."

ಶಿವರಂಜಿನಿ ಕಣ್ಣೊರೆಸಿಕೊಂಡು ಮತ್ತೆ ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ಬದುವಿನ ಕಡೆಯಿಂದ ಪಕ್ಕದ ಹೊಲದ ಶಾಂತಮಲ್ಲಪ್ಪನ ದನಿ ಕೇಳಿತು. ಇಬ್ಬರೂ ಉಸಿರು ಹಿಡಿದರು.

"ಯಾಕಮ್ಮೋ ಇಲ್ ಕುಂತಿದ್ದೀಯೆ?"

"ಒಳಕ್ಕೋಗ್ಬ್ಯಾಡ ಕಣ್ಲಾ. ನಮ್ ಸೊಸೇರು ಔಸ್ದಿ ಹೊಡೀತಾವ್ರೆ. ಕಣ್ಣಿಗೆ ಬಿದ್ರೆ ಕಣ್ಣೇ ಓಯ್ತವೆ."

"ಹೂ ಬುಟ್ಟಿರೋ ಹೊಲಕ್ಕೆ ಯಾರಾರ ಔಸ್ದಿ ಹೊಡೆದಾರಾ? ಜೇನ್ ಹುಳ ಎಲ್ಲ ಸತ್ತು ಕಾಳೇ ಕಟ್ಟಾಕಿಲ್ಲ."

"ಅಷ್ಟೂ ತಿಳೀದ್ ಸೊಸೇರು ಸಿಕ್ಕವ್ರೆ ನಂಗೆ, ಏನ್ ಮಾಡನ ಹೇಳು. ಅದ್ಕೇ ಕುಂತಿರದು. ನೀ ಓಗು."

ಶಾಂತಮಲ್ಲಪ್ಪ ಹೋದ ಸದ್ದಾಯಿತು. ಲಕ್ಷ್ಮಿದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅತ್ತೆಗೆ ಯಾರೂ ಹೇಳಿರಲಿಲ್ಲ. ಉಗ್ರಾಣದ ಚಿಲಕ, ಕಾಫಿಯ ಘಾಟು, ಸೊಸೆಯರು ಮುಗಿಲು ನೋಡುತ್ತಿದ್ದುದು, ಎಲ್ಲವನ್ನೂ ಕೂಡಿಸಿಕೊಂಡು ಹುಣ್ಣಿನ ಕಾಲಲ್ಲಿ ಅಷ್ಟು ದೂರ ನಡೆದು ಬಂದಿದ್ದಳು. ನಗು ಹೆಚ್ಚಾಗಿ ಲಕ್ಷ್ಮಿದೇವಿಯ ಮೈಯೆಲ್ಲ ಕುಲುಕಿತು. "ಅಲ್ಲಾಡ್ಬ್ಯಾಡ ಅಕ್ಕ" ಎಂದಳು ಶಿವರಂಜಿನಿ, ತಾನೂ ನಗುತ್ತ.

ಬುಧವಾರ ಮಧ್ಯಾಹ್ನ ಫಿಲಂ ಒಣಗಿತು. ಮೂವತ್ತಾರರಲ್ಲಿ ಹನ್ನೊಂದು ಬಂದಿದ್ದವು. ಹಾಗೇ ನೋಡಿದರೆ ಕೂದಲು ಬೆಳ್ಳಗೆ, ಮೈ ಕಪ್ಪಗೆ, ಎಲ್ಲ ತಿರುವುಮುರುವು. ಶಿವರಂಜಿನಿ ಪಟ್ಟಿಯ ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದು ಬಾಗಿಲ ಬೆಳಕಿಗೆ ಓರೆ ಮಾಡಿದಳು. ಕಪ್ಪು ಬಿಳುಪು ಅದಲುಬದಲಾಗಿ, ಉಗುರಗಲದ ಚೌಕದಲ್ಲಿ ಲಕ್ಷ್ಮಿದೇವಿ ಕೂತಿದ್ದಳು. ಬೇಸಿಗೆಯ ದೂಳಿನಾಚೆ ನೋಡಿದಂತೆ ಸ್ವಲ್ಪ ಮಸುಕು. ಸುತ್ತ ಹೂಗಳು, ಎದೆ ತೆರೆದಿತ್ತು. ಎರಡೂ ಇದ್ದವು. ಲಕ್ಷ್ಮಿದೇವಿ ಬಹಳ ಹೊತ್ತು ನೋಡಿದಳು. ಆ ಹೆಂಗಸು ಹೆದರಿದವಳ ಹಾಗೆ ಕಾಣುತ್ತಿರಲಿಲ್ಲ.

ದೊಡ್ಡಮಾದಮ್ಮ ಗೋಡೆ ಹಿಡಿದು ಬಂದು ನಿಂತಳು. "ನಂಗೂ ತೋರ್ಸಮ್ಮಿ." ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಅವಳಿಗೆ ಏನು ಕಂಡಿತೋ ತಿಳಿಯಲಿಲ್ಲ. ಪಟ್ಟಿಯನ್ನು ವಾಪಸು ಕೊಟ್ಟು ಸೊಸೆಯ ಕೆನ್ನೆ ಸವರಿದಳು. "ಎರಡ್ ಮಕ್ಳ ಸಾಕ್ಯದೆ ಅದು. ಗುರ್ವಾರ ನೆಮ್ದಿಯಾಗ್ ಓಗ್ಲಿ ಬುಡು" ಎಂದು ಜಗಲಿಗೆ ಹೋದಳು.

ಆಸ್ಪತ್ರೆಯಲ್ಲಿ ಜೊತೆಗಿರಲು ಮದ್ದೂರಿನಿಂದ ಲಕ್ಷ್ಮಿದೇವಿಯ ಅಕ್ಕ ಬರುವುದೆಂದು ಮೊದಲೇ ಮಾತಾಗಿತ್ತು. ಆಕೆ ಬಂದರೆ ಅಳುವುದೇ ಹೆಚ್ಚು; ಗಾಯ ಕಂಡರೆ ಮುಖ ತಿರುಗಿಸುವವಳು. ಲಕ್ಷ್ಮಿದೇವಿ ಪಟ್ಟಿಯನ್ನು ಸುರುಳಿ ಸುತ್ತಿ ಶಿವರಂಜಿನಿಯ ಕೈಗಿಟ್ಟು, ಬೆರಳುಗಳನ್ನು ಮಡಿಸಿದಳು.

"ನಮ್ಮಕ್ಕಂಗೆ ಫೋನ್ ಮಾಡಿ ಬರೋದ್ ಬ್ಯಾಡ ಅಂದ್ಬುಡು. ನೀನ್ ಬಾ ನನ್ ಜೊತೆ. ಗಾಯದ ಬಟ್ಟೆ ಬಿಚ್ಚೋವಾಗ ನಾನು ನೋಡ್ಬೇಕು. ಒಬ್ಳೇ ನೋಡಾಕಾಗಾಕಿಲ್ಲ."

"ಎಷ್ಟ್ ದಿನಕ್ಕೆ ಬಟ್ಟೆ ಜೋಡುಸ್ಕಳ್ಲಿ?"

"ಎಂಟು ದಿವ್ಸ ಅಂದವ್ರೆ. ಹತ್ತಕ್ಕೆ ಆಗೋವಷ್ಟು ಇಟ್ಕ."

ಶಿವರಂಜಿನಿ ಒಳಗೆ ಹೋಗಿ ಚೀಲ ತೆಗೆದಳು. ಇಬ್ಬರ ಸೀರೆಗಳನ್ನೂ ಒಂದೇ ಚೀಲಕ್ಕೆ ಮಡಿಸಿ ತುಂಬಿದಳು.